ನಂದಿಮರದ ಮಂಗಟ್ಟೆಗಳು

ನಮ್ಮ ಮೂಡಿಗೆರೆಯ ಸೀಮೆಯಲ್ಲಿ ಮಳೆಗಾಲದ ಬೆಳಗು ಒಂದು ಹಕ್ಕಿಯ ಸಿಳ್ಳಿನಿಂದ ಆರಂಭವಾಗುವುದೆಂದರೆ ಬಯಲುಸೀಮೆಯ ವಾಚಕರು ಅದನ್ನು ಕವಿಸಮಯವೆಂದು ಭಾವಿಸಬಹುದು. ಅದು ದಿಟವಾದ ಸಂಗತಿ. ಬೆಳಕು ಹರಿಯುವ ಮೊದಲೇ ಹಳ್ಳದ ಬಂಡೆಯ ಮೇಲೆ ಕುಳಿತ ಸಿಳ್ಳಾರವು, ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗನು ದಾರಿಯುದ್ದಕ್ಕೂ ಸಿಳ್ಳು ಹಾಕುತ್ತ ಹೋಗುವಂತೆ, ಸ್ವರದಿಂದ ಸ್ವರಕ್ಕೆ ಅಲೆಯುತ್ತದೆ. ದೂರಕ್ಕೆ ಕಪ್ಪಾಗಿ ತೋರುವ ಈ ಪಕ್ಷಿಯ ಹಣೆಯ ಮೇಲೂ ಹೆಗಲ ಮೇಲೂ ಬಿಸಿಲು ಬಿದ್ದಾಗ ಥಳಥಳಿಸುವ ನೀಲಿಯನ್ನು ನಾನು ಕಂಡುದು ನನ್ನ ನಲವತ್ತೆರಡನೆಯ ವಯಸ್ಸಿನಲ್ಲಿ. ಅದರ ಸಿಳ್ಳನ್ನಾದರೋ ಹುಟ್ಟಿದಂದಿನಿಂದ ಕೇಳಿದವನು! ನನಗೆ ನೋಡುವುದನ್ನು ಕಲಿಸಿದವರು ನಮ್ಮೂರಿನ ಮೇಷ್ಟ್ರು.

ಮೇಷ್ಟ್ರು ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೂ ತಮ್ಮ ಊರಿಗೆ ಹಿಂದಿರುಗದೆ ಇಲ್ಲಿಯೇ ಉಳಿದವರು. ಅವರ ಐಶ್ವರ್ಯವೆಂದರೆ ಒಂದು ಹಳೆಯ ದುರ್ಬೀನು, ಒಂದು ದಿನಚರಿ, ಎರಡು ಪುಸ್ತಕ. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸರ್ವೇಕ್ಷಣೆ ನಡಸಿ, 1941ರಲ್ಲಿ ಭಾರತದ ಪಕ್ಷಿಗಳನ್ನು ಕುರಿತ ತಮ್ಮ ಹೆಸರಾಂತ ಗ್ರಂಥವನ್ನು ಪ್ರಕಟಿಸಿದರಷ್ಟೆ. ಅದರ ಹೊಲಿಗೆ ಬಿಟ್ಟ ಪ್ರತಿ ಒಂದು. ನಮ್ಮ ತಾಲ್ಲೂಕಿನಲ್ಲಿಯೇ ನೆಲಸಿ 2007ರಲ್ಲಿ ತೀರಿಕೊಂಡ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇನ್ನೊಂದು. ಭಾನುವಾರಗಳಲ್ಲಿ ಇವನ್ನು ಹೊತ್ತು ನಾವು ಹೊರಟರೆ, ದರ್ಜಿಯೊಬ್ಬರು, ಬಸ್ಸಿನ ಕಂಡಕ್ಟರೊಬ್ಬರು, ಶಾಲೆಯ ನಾಲ್ಕಾರು ಹುಡುಗರು ಕೂಡಿಕೊಳ್ಳುವರು. ಊರಿನ ಸಭೆಗಳಲ್ಲಿ ಇವರೆಲ್ಲ ಒಂದೇ ಬೆಂಚಿನಲ್ಲಿ ಕುಳಿತುದನ್ನು ನಾನು ಕಂಡಿಲ್ಲ.

ಒಮ್ಮೆ ಪೊದೆಯೊಳಗಿನ ಕೂಗನ್ನು ಕೇಳಿ ಮೇಷ್ಟ್ರು ಗಿಡುಗವೆಂದು ದಿನಚರಿಯಲ್ಲಿ ಬರೆದುಕೊಂಡರು. ಕಾಫಿಹಣ್ಣು ಕೊಯ್ಯುತ್ತಿದ್ದ ಮುದುಕಿಯೊಬ್ಬಳು ನಕ್ಕು, “ಗಿಡುಗ ಎಲ್ಲಿ ಬಂತು ಮೇಷ್ಟ್ರೆ! ಅದು ಕಾಜಾಣ. ಎಲ್ಲರ ಕೂಗನ್ನೂ ಕದಿಯೋ ಕಳ್ಳ ಅದು,” ಎಂದಳು. ಅಷ್ಟರಲ್ಲಿ ಕಾಜಾಣವೇ ಬಾಲದ ಎರಡು ಉದ್ದ ಗರಿಗಳನ್ನು ತೇಲಿಸುತ್ತ ಹೊರಗೆ ಬಂದಿತು. ಮೇಷ್ಟ್ರು ಬರೆದುದನ್ನು ಹೊಡೆದು ಹಾಕಿ ಮುದುಕಿಗೆ ಕೈಮುಗಿದರು. ಮೂವತ್ತು ವರ್ಷ ಬೆತ್ತ ಹಿಡಿದವರಲ್ಲಿ ಈ ಗುಣ ಸುಲಭವಲ್ಲ.

ನನ್ನ ತೋಟದ ಮೇಲಣ ಅಂಚಿನಲ್ಲಿ ಒಂದು ಹಿರಿಯ ನಂದಿಮರವಿದ್ದಿತು. ಅದರ ಪೊಟರೆಯಲ್ಲಿ ವರ್ಷವರ್ಷವೂ ಮಂಗಟ್ಟೆಗಳ ಜೋಡಿಯೊಂದು ಸಂಸಾರ ಹೂಡುತ್ತಿದ್ದಿತು. ನಮ್ಮ ಪಶ್ಚಿಮಘಟ್ಟಗಳನ್ನು ಬಿಟ್ಟರೆ ಲೋಕದ ಬೇರೆಲ್ಲಿಯೂ ಇಲ್ಲದ ಬೂದುಬಣ್ಣದ ಮಂಗಟ್ಟೆ ಇದು. ಇದರ ಕೂಗು ಯಾರೋ ಹುಚ್ಚುನಗೆ ನಕ್ಕಂತೆ. ಹೆಣ್ಣು ಒಳಹೊಕ್ಕು ಪೊಟರೆಯ ಬಾಯನ್ನು ಮೆತ್ತಿ ಮುಚ್ಚಿ, ಕೊಕ್ಕಿನ ತುದಿ ಹೊರಬರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಅತ್ತಿ, ಬಸರಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದನ್ನೇ ಹೊರಚಾಚಿ ಆ ಸೀಳಿಗೆ ನೀಡುತ್ತದೆ. ಮೇಷ್ಟ್ರು ಗಂಟೆಗಟ್ಟಲೆ ಕುಳಿತು ಹಣ್ಣುಗಳನ್ನು ಎಣಿಸುತ್ತಿದ್ದರು. ಅವರ ಪತ್ನಿ ಕಾಯಿಲೆಯಿಂದ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಅವರೇ ಕೈತುತ್ತು ಹಾಕಿದರೆಂಬುದನ್ನು ನಾನು ಬಹಳ ತಡವಾಗಿ, ಅದೂ ದರ್ಜಿಯಿಂದ, ತಿಳಿದೆನು.

ಮಗಳ ಮದುವೆ ಕೂಡಿಬಂದ ವರ್ಷ ನನಗೆ ಹಣದ ಮುಗ್ಗಟ್ಟು. ನೆರೆಯವರೆಲ್ಲ ಕಾಡುಮರಗಳನ್ನು ತೆಗೆದು ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕನ್ನು ನೆರಳಿಗೆ ನೆಟ್ಟು ಮೆಣಸು ಹಬ್ಬಿಸುತ್ತಿದ್ದರು. ನಾನೂ ಅಪ್ಪಣೆ ಪಡೆದು ನಂದಿಮರವನ್ನು ಮಾರಿದೆನು. ಮೇಷ್ಟ್ರು ಒಂದೇ ಮಾತು ಕೇಳಿದರು: “ಗೌಡರೆ, ಬೇರೆ ಮರ ಇಲ್ಲವೆ?” ಮರಿ ಹಾರಿಹೋಗುವವರೆಗೆ ಕೊಡಲಿ ಬೀಳದೆಂದು ಮಾತುಕೊಟ್ಟೆನು; ಕೊಟ್ಟಂತೆ ನಡೆದೆನು; ಅದನ್ನೇ ದೊಡ್ಡ ಔದಾರ್ಯವೆಂದು ಬಗೆದೆನು. ಮೇ ತಿಂಗಳ ಕೊನೆಯಲ್ಲಿ ಮರ ಉರುಳಿತು. ಅಂದಿನಿಂದ ಮೇಷ್ಟ್ರು ತಿರುಗಾಟಕ್ಕೆ ಬರಲಿಲ್ಲ. ಜಗಳವಿಲ್ಲ, ಎದುರಾದರೆ ಮದುವೆಯ ಮನೆಯ ಕ್ಷೇಮ ವಿಚಾರಿಸುವರು. ಆ ಮಳೆಗಾಲದಷ್ಟು ದೀರ್ಘವಾದ ಮಳೆಗಾಲವನ್ನು ನಾನರಿಯೆ.

ಸೆಪ್ಟೆಂಬರಿನ ಒಂದು ಮುಂಜಾನೆ ಹುಡುಗನೊಬ್ಬನು ಓಡಿಬಂದು ಒಂದು ಚೀಟಿ ಕೊಟ್ಟನು. ಅದರಲ್ಲಿ “ಬಂದಿದೆ” ಎಂಬ ಒಂದೇ ಪದ. ಹಳ್ಳಕ್ಕೆ ಹೋದೆನು. ಹಿಮಾಲಯದ ಕಡೆಯಿಂದ ಇಷ್ಟು ದೂರ ಹಾರಿಬಂದ ಬೂದುಸಿಪಿಲೆ, ಹಳದಿಯ ಹೊಟ್ಟೆ, ನಿಲ್ಲದೆ ಕುಣಿಯುವ ಬಾಲ, ಕಳೆದ ವರ್ಷ ನಾವು ಕಂಡ ಅದೇ ಕಲ್ಲಿನ ಮೇಲೆ! ಮೇಷ್ಟ್ರು ತಿರುಗಿ ನೋಡದೆ, “ನಾಲ್ಕು ದಿನ ತಡ ಈ ಸಲ,” ಎಂದರು. ನಾನು ಪಕ್ಕದಲ್ಲಿ ಕುಳಿತೆನು.

ಜನವರಿಯಲ್ಲಿ ಮಂಗಟ್ಟೆಗಳು ಹಿಂದಿರುಗಿದುವು. ನಾವಿಬ್ಬರೂ ಅಂದು ಮೇಲಣ ಅಂಚಿನಲ್ಲಿದ್ದೆವು. ಅವು ಬರಿದಾದ ಆಕಾಶದಲ್ಲಿ ಎರಡು ಸುತ್ತು ತಿರುಗಿ, ಬೇಲಿಯ ಹಾಲುವಾಣದ ಮೇಲೆ ಕುಳಿತು, ಮತ್ತೆ ಸುತ್ತಿದುವು. ಮಾರನೆಯ ದಿನವೂ ಹಾಗೆಯೇ. ನಾನು ಹೊರಡಲು ಎದ್ದೆನು. ಮೇಷ್ಟ್ರು ದುರ್ಬೀನನ್ನು ನನ್ನ ಕೈಯಲ್ಲಿಟ್ಟು, “ನೋಡಿ ಗೌಡರೆ, ಪೂರ್ತಿ ನೋಡಿ,” ಎಂದರು. ನೋಡಿದೆನು. ಮೂರನೆಯ ದಿನ ಅವು ಬರಲಿಲ್ಲ.

ಆಮೇಲೆ ಒಂದು ತಿಂಗಳು ಆ ಜೋಡಿ ಎಲ್ಲಿ ನೆಲೆಮಾಡಿತೆಂದು ಸುತ್ತಣ ತೋಟಗಳನ್ನೆಲ್ಲ ಅಲೆದೆವು. ಕೊನೆಗೆ ಸುಳಿವು ಕೊಟ್ಟವಳು ಆ ಮುದುಕಿಯೇ. ಹಳ್ಳದಾಚೆಯ ದೇವರ ಬನದಲ್ಲಿ, ಎತ್ತರದ ಪೊಟರೆಯೊಂದರಲ್ಲಿ, ಕೊಕ್ಕಿನ ತುದಿಯೊಂದು ಕಾಣುತ್ತಿದ್ದಿತು. ಅವೇ ಹಕ್ಕಿಗಳೋ ಬೇರೆಯವೋ ಹೇಳಬಲ್ಲವರಾರು? ಮೇಷ್ಟ್ರು ದಿನಚರಿಯನ್ನು ತೆರೆದು, ತೇದಿ ಬರೆದು, ಹಣ್ಣುಗಳನ್ನು ಎಣಿಸಲು ಕುಳಿತರು. ನಾನು ಬಸರಿಯವನ್ನು, ಅವರು ಅತ್ತಿಯವನ್ನು.