ಕುಂದುರ್ಪಿಯ ದಾರಿಯಲ್ಲಿ ಒಂದು ಭಾನುವಾರ

ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸು ನಡುದಾರಿಯಲ್ಲಿ ಕರ್ನಾಟಕವನ್ನು ಬಿಟ್ಟು, ಮಡಕಶಿರಾದ ಮೂಲಕ ಆಂಧ್ರಪ್ರದೇಶವನ್ನು ಹಾದು, ಮತ್ತೆ ಕರ್ನಾಟಕವನ್ನು ಸೇರುತ್ತದೆ. ಪಾವಗಡವು ತುಮಕೂರು ಜಿಲ್ಲೆಯ ತಾಲ್ಲೂಕಾದರೂ ಆ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ಮಡಕಶಿರಾ ಸೀಮೆಯಾದರೋ ಆಂಧ್ರಕ್ಕೆ ಸೇರಿದ್ದೂ ಮೂರು ಕಡೆ ಕರ್ನಾಟಕದಿಂದ ಸುತ್ತುವರಿದಿದೆ. ಶಾಲೆಯ ಪುಸ್ತಕದಲ್ಲಿ ಈ ಭಾಗದ ಭೂಪಟವನ್ನು ಬಿಡಿಸುವ ಮಕ್ಕಳ ಪೆನ್ಸಿಲು ಇಲ್ಲಿ ತಡವರಿಸುವುದು ಸಹಜವೇ ಆಗಿದೆ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರ್ಪಟ್ಟಿತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿ, ರಾಯದುರ್ಗ ಅನಂತಪುರದ ಪಾಲಾಯಿತು. 2022ರ ಏಪ್ರಿಲ್‌ನಲ್ಲಿ ಇನ್ನೊಂದು ಗೆರೆ ಎಳೆಯಲಾಗಿ, ಹಿಂದೂಪುರ ಮತ್ತು ಮಡಕಶಿರಾಗಳು ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು; ಕಲ್ಯಾಣದುರ್ಗ ಮತ್ತು ಕುಂದುರ್ಪಿಗಳು ಅನಂತಪುರದಲ್ಲಿಯೇ ಉಳಿದವು.

ಈ ಗೆರೆಗಳ ಮೇಲೆಯೇ ಹಾದುಹೋಗುವ ಕಿರುದಾರಿಗಳಲ್ಲಿ ನಾಲ್ವರು ಗೆಳೆಯರು ಒಂದು ಭಾನುವಾರವನ್ನು ಕಳೆದರು. ನಾಲ್ವರೂ ಮಡಕಶಿರಾ ಸೀಮೆಯವರು; ಒಂದೇ ಕನ್ನಡ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಒಬ್ಬರು ಈಗ ಕನ್ನಡ ಮಾಧ್ಯಮದ ಶಾಲೆಯಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಒಬ್ಬರು ಕಡಲೆಕಾಯಿ ಬೆಳೆಯುವ ರೈತರು. ಒಬ್ಬರಿಗೆ ಹಿಂದೂಪುರದಲ್ಲಿ ಹುಣಸೆಹಣ್ಣಿನ ವ್ಯಾಪಾರ. ಇನ್ನೊಬ್ಬರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದುಡಿದು ವಾರಕ್ಕೊಮ್ಮೆ ಊರಿಗೆ ಬರುವವರು. ಹಿಂದೂಪುರದಲ್ಲಿ ಬೆಳಗಿನ ಜಾವದ ಮದುವೆ ಮುಗಿದು, ಊಟವಾದಾಗ ಇನ್ನೂ ಒಂಬತ್ತೂವರೆ ಗಂಟೆ. ವ್ಯಾಪಾರಿಯ ಹಳೆಯ ಕಾರಿನಲ್ಲಿ ಲೇಪಾಕ್ಷಿಗೆ ಹೋಗಿಬರೋಣವೆಂದು ಹೊರಟವರು ಊರಂಚಿನಲ್ಲಿ ನಿಂತರು. “ಲೇಪಾಕ್ಷಿಯನ್ನು ಎಲ್ಲರೂ ನೋಡಿದ್ದೀವಲ್ಲಪ್ಪ. ನಮ್ಮಜ್ಜಿಯ ತವರು ಕುಂದುರ್ಪಿ. ಸಾಯೋವರೆಗೂ ಅದರ ಹೆಸರು ಹೇಳ್ತಿದ್ಲು. ನಾನು ಒಂದು ಸಲವೂ ಹೋಗಿಲ್ಲ” ಎಂದರು ರೈತರು. ಕಾರು ಪಡುವಣಕ್ಕೆ ತಿರುಗಿತು.

ಮಡಕಶಿರಾ ದಾಟಿದ ಮೇಲೆ ಹೆದ್ದಾರಿಯ ಗೊಡವೆಯನ್ನೇ ಬಿಟ್ಟರು. ದಾರಿ ಕವಲೊಡೆದಲ್ಲೆಲ್ಲ ಕಿರಿದಾದುದನ್ನೇ ಹಿಡಿಯಬೇಕೆಂಬುದು ಅಂದಿನ ಒಪ್ಪಂದ. ಹುಣಸೆ, ಹೊಂಗೆಗಳ ನೆರಳು ರಸ್ತೆಯ ಮೇಲೆ ಚಾಚಿತ್ತು. ನೀರಿದ್ದ ಕಡೆ ಅಡಿಕೆ, ತೆಂಗು. ನೀರಿಲ್ಲದ ಕಡೆ ರಾಗಿ, ತೊಗರಿ, ಹುರುಳಿ. ಎದುರಾದ ವಾಹನಗಳೆಂದರೆ ಒಂದೆರಡು ಆಟೋ, ಮೇವು ಹೇರಿದ ಒಂದು ಟ್ರ್ಯಾಕ್ಟರು. ಕಂಬಳಿ ಹೊದ್ದ ಕುರುಬರೊಬ್ಬರು ಕುರಿಮಂದೆಯನ್ನು ರಸ್ತೆ ದಾಟಿಸುವವರೆಗೆ ಕಾರು ನಿಂತು ಕಾಯಿತು.

ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ರೈತರು ಮನಸ್ಸಿನಲ್ಲಿದ್ದುದನ್ನು ಹೊರಹಾಕಿದರು. ಏಳನೆಯ ತರಗತಿಯಲ್ಲಿ ಓದುತ್ತಿರುವ ಮಗಳನ್ನು ಬರುವ ಜೂನ್‌ನಲ್ಲಿ ಕನ್ನಡ ಶಾಲೆಯಿಂದ ಬಿಡಿಸಿ, ಪಟ್ಟಣದ ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಸೇರಿಸಬೇಕೆಂದು ಮನೆಯಲ್ಲಿ ಮಾತಾಗಿತ್ತು. ಮೇಷ್ಟ್ರು ತಕ್ಷಣ ಏನನ್ನೂ ಹೇಳಲಿಲ್ಲ. ತಮ್ಮ ಶಾಲೆಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿರುವುದನ್ನು ಅವರು ಬಲ್ಲರು. ತಂದೆತಾಯಂದಿರ ಭಯವನ್ನೂ ಬಲ್ಲರು.

ಹೇಮಾವತಿಗೆ ತಲುಪಿದಾಗ ಹೊತ್ತು ನಡುನೆತ್ತಿಗೆ ಬಂದಿತ್ತು. ಈಗ ಅದು ಒಂದು ಶಾಂತವಾದ ಹಳ್ಳಿ. ಆದರೆ ಸಾವಿರ ವರ್ಷಗಳ ಹಿಂದೆ ಹೆಂಜೇರು ಎಂಬ ಹೆಸರಿನಲ್ಲಿ ಇದು ನೊಳಂಬವಾಡಿಯನ್ನಾಳಿದ ನೊಳಂಬರ ರಾಜಧಾನಿಯಾಗಿತ್ತು. ಇಲ್ಲಿನ ಸಿದ್ಧೇಶ್ವರನು ಲಿಂಗರೂಪಿಯಲ್ಲ. ಮಾನವಾಕಾರದಲ್ಲಿ ಕುಳಿತ ದೇವರು. ಪಕ್ಕದ ದೊಡ್ಡೇಶ್ವರ ಗುಡಿಯ ಕರಿಗಲ್ಲಿನ ಕಂಬಗಳನ್ನೂ ಜಾಲಂಧ್ರಗಳನ್ನೂ ಮುಟ್ಟಿ ನೋಡಿದಲ್ಲದೆ ಅದು ಕಲ್ಲೆಂದು ನಂಬುವುದು ಕಷ್ಟ. ಚೋಳರು ಈ ನಾಡನ್ನು ಗೆದ್ದಾಗ ಇಲ್ಲಿಯ ಕಂಬಗಳನ್ನು ಹೊತ್ತು ಕಾವೇರಿಯ ದಡದ ತಿರುವೈಯಾರಿಗೆ ಒಯ್ದರು. ಅವು ಇಂದಿಗೂ ಅಲ್ಲಿಯ ಗುಡಿಯಲ್ಲಿ ನಿಂತಿವೆ. ಇನ್ನು ಕೆಲವು ನೊಳಂಬ ಶಿಲ್ಪಗಳು ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.

ಅಕ್ಷರ ಕೊರೆದ ಕಲ್ಲೊಂದರ ಮುಂದೆ ಬೆಂಗಳೂರಿನ ಗೆಳೆಯರು ಬಹಳ ಹೊತ್ತು ನಿಂತರು. “ಇದು ಕನ್ನಡವೇ?” ಎಂದು ಕೇಳಿದರು. ಕನ್ನಡವೇ ಎಂದರು ಮೇಷ್ಟ್ರು. ಅಂದಿನ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಲಿಪಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡೂ ಬೇರೆ ಬೇರೆಯಾಗಿ ಈಗಿನ ರೂಪಕ್ಕೆ ಬಂದದ್ದು ಅನಂತರದ ಶತಮಾನಗಳಲ್ಲಿ. ಇಂದಿನ ಶಾಲೆಯ ಮಗು ಈ ಸಾಲನ್ನು ಸರಾಗವಾಗಿ ಓದಲಾರದು. ಆದರೆ ಒಂದು ‘ರ’, ಒಂದು ‘ನ’ವನ್ನು ಗುರುತಿಸಿ ಹಿಗ್ಗಬಲ್ಲದು. ನಾಲ್ವರು ದೊಡ್ಡವರೂ ಮಕ್ಕಳಂತೆ ಬೆರಳಿಟ್ಟು ಹುಡುಕಿ, ಐದಾರು ಅಕ್ಷರಗಳನ್ನು ಪತ್ತೆಹಚ್ಚಿದರು.

ಅಮರಾಪುರದಿಂದ ಬಡಗಣಕ್ಕೆ ಹೊರಟ ದಾರಿಯಲ್ಲಿ ನೆಲದ ಬಣ್ಣವೇ ಬದಲಾಯಿತು. ತೋಟಗಳು ಹಿಂದುಳಿದವು, ಕೆಮ್ಮಣ್ಣು, ಜಾಲಿ, ಬಂಡೆಗುಡ್ಡಗಳು ಎದುರಾದವು. ವರ್ಷಕ್ಕೆ ಸುಮಾರು 550 ಮಿಲಿಮೀಟರಿನಷ್ಟೇ ಮಳೆ ಬೀಳುವ ಸೀಮೆಯಿದು. ಕಡಲೆಕಾಯಿ ಕಿತ್ತು ಮುಗಿದಿದ್ದು, ಹೊಲಗಳಲ್ಲಿ ಬಳ್ಳಿಯ ಬಣವೆಗಳು ಎದ್ದಿದ್ದವು. ಎಲ್ಲಿಯೋ ಒಂದು ಕಡೆ ರಸ್ತೆಬದಿಯ ಫಲಕದ ಅಕ್ಷರಗಳು ತೆಲುಗಿನಿಂದ ಕನ್ನಡಕ್ಕೆ ಹೊರಳಿದವು. ಇನ್ನಷ್ಟು ದೂರ ಸಾಗಿದಾಗ ಮತ್ತೆ ತೆಲುಗಾದವು. ಗಡಿಯನ್ನು ಎರಡು ಸಲ ದಾಟಿದ್ದು ಆ ಫಲಕಗಳಿಂದ ತಿಳಿದದ್ದೇ ಹೊರತು ಹೊಲದಿಂದಲ್ಲ, ದಾರಿ ಕೇಳಿದಾಗ ಸಿಕ್ಕ ಉತ್ತರಗಳಿಂದಲೂ ಅಲ್ಲ. “ಹಿಂಗೇ ನೆಟ್ಟಗೆ ಹೋಗ್ರಿ, ಗುಡ್ಡ ಕಾಣ್ತೈತೆ” ಎಂಬ ಮಾತು ಎರಡೂ ಕಡೆ ಒಂದೇ ಆಗಿತ್ತು.

ಗುಡ್ಡ ನಿಜವಾಗಿಯೂ ಊರಿಗಿಂತ ಮೊದಲೇ ಕಂಡಿತು. ಕುಂದುರ್ಪಿಯ ದುರ್ಗದ ಗೋಡೆಗಳು ಬಂಡೆಯಿಂದ ಬಂಡೆಗೆ ಏರುತ್ತ ಹೋಗಿವೆ. ಎಲ್ಲಿ ಕಲ್ಲು ಮುಗಿದು ಗೋಡೆ ಮೊದಲಾಯಿತೆಂದು ದೂರದಿಂದ ಹೇಳಲಾಗದು. ವಿಜಯನಗರವು ಕುಸಿದ ಬಳಿಕ ಪಾಳೆಯಗಾರರು ಇಂಥ ದುರ್ಗಗಳನ್ನು ನೆಚ್ಚಿಕೊಂಡು ಬಾಳಿದರು. ರಾಯದುರ್ಗದ ಕೋನೇಟಿ ನಾಯಕನ ಹೆಸರು ಕುಂದುರ್ಪಿಯ ಹೆಸರಿನೊಡನೆಯೂ ಸೇರಿಕೊಂಡಿದೆ. ರೈತರು ಕಾರಿನಿಂದಿಳಿದು ಗುಡ್ಡವನ್ನು ನೋಡುತ್ತ ನಿಂತರು. ಅಜ್ಜಿ ಕಥೆಯಲ್ಲಿ ಹೇಳುತ್ತಿದ್ದ ಗುಡ್ಡಕ್ಕಿಂತ ಇದು ಚಿಕ್ಕದಾಗಿತ್ತೋ ದೊಡ್ಡದಾಗಿತ್ತೋ, ಅವರು ಹೇಳಲಿಲ್ಲ.

ಊರೊಳಗಿನ ಒಂದು ಸಣ್ಣ ಹೋಟೆಲಿನಲ್ಲಿ ಚಹಾಕ್ಕೆ ಕುಳಿತರು. ಗಿರಾಕಿಗಳೊಡನೆ ತೆಲುಗಿನಲ್ಲಿ ಮಾತನಾಡುತ್ತಿದ್ದ ಒಡತಿ, ಇವರ ಕನ್ನಡವನ್ನು ಕೇಳಿ ಮುಖವರಳಿಸಿದಳು. ಅವಳ ತವರು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ. ಒಳಗೆ ಹೋಗಿ, ಅರಿಸಿನ ಹಚ್ಚಿದ ಒಂದು ಲಗ್ನಪತ್ರಿಕೆಯನ್ನು ತಂದಳು.

“ನಿಮಗೆ ಕನ್ನಡ ಓದಾಕೆ ಬರ್ತೈತೇನಣ್ಣಾ? ನಮ್ಮ ತವರಿಂದ ಬಂದೈತೆ. ನಾನು ಸಾಲಿಗೆ ಹೋದೋಳಲ್ಲ. ನನ್ನ ಮಗ ತೆಲುಗು ಓದಿದೋನು. ಅಕ್ಷರ ಕೂಡಿಸಿ ತಾರೀಕು ಹೇಳಿದ, ಉಳಿದಿದ್ದು ಗೊತ್ತಾಗಲಿಲ್ಲ.”

ರೈತರೇ ಅದನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದರು: ಯಾರ ಮೊಮ್ಮಗಳು, ಯಾವ ಊರಿನ ವರ, ಮುಹೂರ್ತ ಎಷ್ಟು ಗಂಟೆಗೆ, ಛತ್ರ ಯಾವುದು. ಕೊನೆಯಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲಿ ಅವಳ ತೀರಿಹೋದ ಅಣ್ಣನ ಮಕ್ಕಳ ಹೆಸರುಗಳಿದ್ದವು. ಆ ಹೆಸರುಗಳನ್ನು ಅವಳು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಮ್ಮಯ್ಯ, ನಮ್ಮಣ್ಣನ ಮನೇಲಿ ನನ್ನ ಮರ್ತಿಲ್ಲ” ಎಂದಳು. ಚಹಾದ ದುಡ್ಡನ್ನು ತೆಗೆದುಕೊಳ್ಳಲು ಅವಳನ್ನು ಒಪ್ಪಿಸುವುದು ಕಷ್ಟವಾಯಿತು.

ಕಲ್ಯಾಣದುರ್ಗದ ಕಡೆಗೆ ಸಾಗುವಾಗ ಕಾರಿನಲ್ಲಿ ಮಾತು ಕಡಿಮೆಯಾಯಿತು. ಪಡುವಣದಲ್ಲಿ, ಕಣ್ಣಿಗೆ ಕಾಣದಷ್ಟು ದೂರದಲ್ಲಿ ವೇದಾವತಿ ಹರಿಯುತ್ತಿದ್ದಿತು. 1933ರ ಬಳಿಕ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ, ಆ ನೀರು ಇದೇ ಹೊಳೆಯ ಹಾದಿಯಲ್ಲಿ ಭೈರವಾನಿತಿಪ್ಪ ಜಲಾಶಯದತ್ತ ಇಳಿದು ಬಂದುದನ್ನು ಮೇಷ್ಟ್ರು ನೆನೆದರು. ಬಳಿಕ ಅವರು ಹೇಳಿದ ಮಾತು ಇಷ್ಟೇ: “ನೀರು ಗಡಿ ಕೇಳೋದಿಲ್ಲ. ಹೆಣ್ಣು ಕೊಟ್ಟು ತರೋದೂ ನಿಂತಿಲ್ಲ, ಅದರ ಜೊತೆ ಮಾತೂ ಬರುತ್ತೆ. ಆದರೆ ಅಕ್ಷರ ತಾನಾಗಿ ಬರೋದಿಲ್ಲಪ್ಪ. ಅದಕ್ಕೆ ಶಾಲೆಯೇ ಬೇಕು.”

ಮನೆಯಲ್ಲಿ ಆಡುವ ಕನ್ನಡವನ್ನು ಯಾರೂ ಕಸಿಯಲಾರರೆಂಬ ನೆಚ್ಚಿಕೆಯಿಂದ ಅನೇಕ ಮನೆಗಳು ನಿಶ್ಚಿಂತವಾಗಿವೆ. ಆಡುಮಾತು ಒಂದೆರಡು ತಲೆಮಾರು ಉಳಿದೀತು. ಓದುವ ಕಣ್ಣು ಒಂದೇ ತಲೆಮಾರಿನಲ್ಲಿ ಮುಚ್ಚಿಹೋಗಬಲ್ಲದು ಎಂಬುದಕ್ಕೆ ಅರಿಸಿನ ಹಚ್ಚಿದ ಆ ಲಗ್ನಪತ್ರಿಕೆಗಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಆದರೂ ರೈತರ ಚಿಂತೆ ಹುರುಳಿಲ್ಲದ್ದಲ್ಲ. ಅವರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಮಗಳಿಗೆ ಕನ್ನಡ ಬೇಡವೆಂದಲ್ಲ. ಶಾಲೆಯಲ್ಲಿ ಗಣಿತದ ಮೇಷ್ಟ್ರ ಜಾಗ ಖಾಲಿ ಬಿದ್ದು ಎರಡು ವರ್ಷವಾಗಿತ್ತು. ಇಂಗ್ಲಿಷೂ ಬರದೆ, ಲೆಕ್ಕವೂ ಬರದೆ ಹುಡುಗಿ ಹತ್ತನೆಯ ತರಗತಿ ಮುಟ್ಟಿದರೆ ಮುಂದೇನು ಎಂಬುದೇ ಅವರ ರಾತ್ರಿಯ ನಿದ್ದೆಯನ್ನು ಕೆಡಿಸಿತ್ತು. ಭಾಷೆಯ ಅಭಿಮಾನದ ಮಾತು ಈ ಪ್ರಶ್ನೆಗೆ ಉತ್ತರವಾಗದು. ಕಾರಿನಲ್ಲಿದ್ದ ಯಾರೂ ಹಾಗೆ ಉತ್ತರಿಸಲು ಹೋಗಲಿಲ್ಲ.

ಕಂಬದೂರಿನ ಹಾದಿಯಲ್ಲಿ ಕತ್ತಲಾಯಿತು. ಪಾವಗಡದ ದೀಪಗಳು ಕಾಣಿಸಿಕೊಂಡಾಗ ಬೆಂಗಳೂರಿನ ಗೆಳೆಯರು ಬಾಯಿ ತೆರೆದರು. ಶಾಲೆಯ ದಿನಗಳಲ್ಲಿ ಲೆಕ್ಕದಲ್ಲಿ ಅವರದೇ ಮೊದಲ ಸ್ಥಾನ. ಕಾರ್ಖಾನೆಯಲ್ಲಿಯೂ ಅವರದು ಅಳತೆಯ ಕೆಲಸವೇ. “ನಾನು ಹೆಂಗಿದ್ರೂ ವಾರವಾರ ಬರ್ತೀನಲ್ಲ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೂತ್ಕೊಂಡು ಹೇಳಿಕೊಡ್ತೀನಿ. ನಿನ್ನ ಮಗಳೊಬ್ಬಳಿಗೇ ಅಲ್ಲ, ಬರೋ ಮಕ್ಕಳಿಗೆಲ್ಲ” ಎಂದರು. ತರಗತಿಗೆ ಜಾಗ ಮತ್ತು ಕಪ್ಪುಹಲಗೆಯನ್ನು ಹೊಂದಿಸುವ ಭಾರವನ್ನು ಮೇಷ್ಟ್ರು ಹೊತ್ತರು. ನೋಟುಪುಸ್ತಕಗಳ ಖರ್ಚನ್ನು ವ್ಯಾಪಾರಿ ಒಪ್ಪಿಕೊಂಡರು. ಖಾಲಿ ಹುದ್ದೆಯನ್ನು ತುಂಬಬೇಕೆಂಬ ಅರ್ಜಿಗೆ ಊರಿನ ತಂದೆತಾಯಂದಿರೆಲ್ಲರ ರುಜು ಹಾಕಿಸಬೇಕೆಂಬುದೂ ತೀರ್ಮಾನವಾಯಿತು.

ರೈತರು ಕೂಡಲೇ ಹೂಂ ಎನ್ನಲಿಲ್ಲ. ಜೂನ್‌ಗೆ ಇನ್ನೂ ಏಳು ತಿಂಗಳಿದೆ, ನೋಡೋಣ ಎಂದರು. ಮನೆಯ ಬಳಿ ಇಳಿಯುವಾಗ ಮಾತ್ರ, ಬರುವ ಭಾನುವಾರ ಎಷ್ಟು ಗಂಟೆಗೆ ಎಂದು ಕೇಳಿದರು.