ಕೆಳಗಿನ ಚಳಿ

ಚಳಿಯು ಮೇಲಿನಿಂದ ಬರುತ್ತದೆಂಬುದು ಮನುಷ್ಯನ ಬಹು ಹಳೆಯ ನಂಬಿಕೆ. ಹೊದೆಯುವುದರಲ್ಲಿ ಅವನಿಗಿರುವ ಆಸ್ಥೆ ಹಾಸುವುದರಲ್ಲಿಲ್ಲ. ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಬೋಧಿಸಿದ್ದ ಉಪಾಧ್ಯಾಯರೊಬ್ಬರು ಈ ನಂಬಿಕೆಯನ್ನು ಕಳೆದುಕೊಂಡದ್ದು 2018ರ ಡಿಸೆಂಬರ್ ತಿಂಗಳ ಒಂದು ರಾತ್ರಿ, ಕೆಂಗೇರಿಯ ಆಚೆಯ ಒಂದು ಮಾವಿನ ತೋಪಿನಲ್ಲಿ.

ತೋಪು ಆ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಸೇರಿದ್ದು. ಸ್ಕೌಟ್ ದಳದ ಹದಿನಾಲ್ಕು ಮಂದಿ ಹುಡುಗರು ಎರಡು ರಾತ್ರಿಗಳ ಶಿಬಿರಕ್ಕೆಂದು ಅಲ್ಲಿಗೆ ಹೋಗಿದ್ದರು. ಇಬ್ಬನಿಯಿಂದ ನೆಲ ತೊಯ್ದಿರುವುದೆಂದೂ ಹುಳಹುಪ್ಪಟೆಗಳ ಭಯವುಂಟೆಂದೂ ಯೋಚಿಸಿ, ಉಪಾಧ್ಯಾಯರು ಮರದಿಂದ ಮರಕ್ಕೆ ಗಟ್ಟಿ ಬಟ್ಟೆಯ ಜೋಲಿಗಳನ್ನು ಕಟ್ಟಿಸಿದರು. ಸಂಜೆ ಬೆಂಕಿಯ ಸುತ್ತ ಕುಳಿತ ಹುಡುಗರಿಗೆ ಜೋಲಿಯ ಚರಿತ್ರೆಯನ್ನೂ ಹೇಳಿದರು. 1492ರಲ್ಲಿ ಕೊಲಂಬಸನು ಕೆರಿಬಿಯನ್ ದ್ವೀಪಗಳಿಗೆ ಬಂದಾಗ ಅಲ್ಲಿಯ ಜನ ಹತ್ತಿಯ ಬಲೆಗಳಲ್ಲಿ ತೂಗುತ್ತ ಮಲಗುವುದನ್ನು ಕಂಡನು. ಮುಂದೆ ಯುರೋಪಿನ ನಾವಿಕರು ಅದನ್ನು ತಮ್ಮ ಹಡಗುಗಳಿಗೆ ತಂದುಕೊಂಡರು. ಒಬ್ಬ ಹುಡುಗ ಚಳಿಯ ಮಾತೆತ್ತಿದಾಗ ಅವರು ನಕ್ಕರು. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ಈಗಿನ ಡಿಸೆಂಬರಿನಲ್ಲಿ ಸಾಮಾನ್ಯವಾಗಿ 15-16 ಡಿಗ್ರಿ. ಒಂದೊಂದು ರಗ್ಗು ಸಾಲದೇ?

ಸಾಲಲಿಲ್ಲ. ನಡುರಾತ್ರಿಯ ಹೊತ್ತಿಗೆ ಉಪಾಧ್ಯಾಯರ ಎದೆ ಬೆಚ್ಚಗಿತ್ತು, ಬೆನ್ನು ಮರಗಟ್ಟಿತ್ತು. ರಗ್ಗನ್ನು ಎಷ್ಟು ಬಿಗಿಯಾಗಿ ಸುತ್ತಿಕೊಂಡರೂ ತೆಳುಗಾಳಿ ಜೋಲಿಯ ತಳವನ್ನು ಸವರಿಕೊಂಡೇ ಹೋಗುತ್ತಿತ್ತು. ಹುಡುಗರು ಒಬ್ಬೊಬ್ಬರಾಗಿ ಇಳಿದು ಬಂದು ಬೆಂಕಿಯ ಬಳಿ ಮುದುರಿ ಕುಳಿತರು. ಎಣಿಸಿದಾಗ ಹದಿಮೂರು ಮಂದಿ. ಒಬ್ಬನು ಮಾತ್ರ ಇಳಿದಿರಲಿಲ್ಲ. ಆತಂಕದಿಂದ ಹೋಗಿ ನೋಡಿದರೆ ಆತ ಗಾಢನಿದ್ರೆಯಲ್ಲಿದ್ದ. ಅವನ ಜೋಲಿಯ ಹೊರಮೈಗೆ, ತಳದಲ್ಲಿ, ಎರಡು ಗೋಣಿತಾಟುಗಳನ್ನು ಹಗ್ಗದಿಂದ ತೂಗುಬಿಡಲಾಗಿತ್ತು. ಗೋಣಿಗೂ ಬಟ್ಟೆಗೂ ನಡುವೆ ಒಣಗಿದ ಮಾವಿನೆಲೆ. ಉಪಾಧ್ಯಾಯರು ಅದರೊಳಗೆ ಕೈಯಿಟ್ಟರು. ಬೆಚ್ಚಗಿತ್ತು.

ಆ ಹುಡುಗ ತರಗತಿಯಲ್ಲಿ ಹಿಂದಿನ ಬೆಂಚಿನವನು, ಕೇಳಿದ್ದಕ್ಕೆ ಉತ್ತರಿಸದವನು. ತಂದೆತಾಯಿಗಳು ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ವಿಜಯನಗರದಲ್ಲಿ ಏಳುತ್ತಿದ್ದ ಕಟ್ಟಡವೊಂದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ವಾಸ. ಬೆಳಿಗ್ಗೆ ವಿಚಾರಿಸಿದಾಗ, ಕೇಳದೆ ಗೋಣಿ ತೆಗೆದುಕೊಂಡದ್ದಕ್ಕೆ ಬೈಗುಳ ಬೀಳುವುದೆಂದು ಬಗೆದು ತಲೆ ತಗ್ಗಿಸಿದನು. ಆಮೇಲೆ ಹೇಳಿದನು: “ತಂಗಿ ಜೋಲಿಗೆ ಅವ್ವ ಹಿಂಗ ಕಟ್ತಾಳ್ರಿ ಸರ್. ಹೋದ ವರ್ಷ ಆಕಿಗೆ ಎದಿಯಾಗ ಕಫ ಕಟ್ಟಿತ್ರಿ. ಚಳಿ ಕೆಳಗಿಂದ ಬರ್ತದ್ರಿ.”

ಉಪಾಧ್ಯಾಯರು ಒಂದು ಕ್ಷಣ ನಿರುತ್ತರರಾದರು. ನಿಶ್ಚಲವಾದ ಗಾಳಿಯು ಉಷ್ಣದ ದುರ್ಬಲ ವಾಹಕವೆಂದು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆದವರು ಅವರೇ. ಕಂಬಳಿಯಾಗಲಿ ರಗ್ಗಾಗಲಿ ತಾನಾಗಿ ಶಾಖವನ್ನು ಕೊಡುವುದಿಲ್ಲ. ತನ್ನ ಎಳೆಗಳ ನಡುವೆ ಗಾಳಿಯನ್ನು ಕದಲದಂತೆ ಹಿಡಿದಿಟ್ಟು ಮೈಯ ಶಾಖವನ್ನು ಕಾಯುತ್ತದೆ. ಮೈಯ ಭಾರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ಹೊದಿಕೆಯಲ್ಲಿ ಆ ಗಾಳಿ ಉಳಿಯದು. ಆದುದರಿಂದಲೇ ಹೊದಿಕೆಯನ್ನು ಜೋಲಿಯ ಒಳಗೆ ಹಾಸಿದರೆ ಅದರ ಬಲ ಬಹುಪಾಲು ಕುಗ್ಗುತ್ತದೆ. ಹೊರಗೆ, ತಳಕ್ಕೆ ತಾಗುವಂತೆ, ಆದರೆ ಬಿಗಿಯದೆ ತೂಗುಬಿಡಬೇಕು. ನೆಲದ ಮೇಲೆ ಮಲಗಿದವನ ಬೆನ್ನಿಗೆ ಗಾಳಿ ಬೀಸದು. ಜೋಲಿಯಲ್ಲಿ ಮಲಗಿದವನಿಗೆ ಆರು ದಿಕ್ಕಿನಲ್ಲಿಯೂ ಗಾಳಿ. ಬಿಸಿನಾಡಿನವರು ತಂಪಿಗಾಗಿ ಕಂಡುಕೊಂಡ ಹಾಸಿಗೆಯು ಚಳಿಯಲ್ಲಿ ತನ್ನ ಗುಣವನ್ನು ಬಿಡುವುದುಂಟೆ? ಪಾಠ ಉಪಾಧ್ಯಾಯರಿಗೆ ಗೊತ್ತಿತ್ತು. ಅದರ ಪ್ರಯೋಜನ ಒಬ್ಬ ಕೂಲಿಹೆಂಗಸಿಗೆ ಗೊತ್ತಿತ್ತು.

ಅವರನ್ನು ಹೆಚ್ಚು ಕಾಡಿದ್ದು ಇನ್ನೊಂದು ನೆನಪು. ಹದಿನೇಳರ ವಯಸ್ಸಿನಲ್ಲಿ ಅವರು ಓದಲೆಂದು ಬೆಂಗಳೂರಿಗೆ ಹೊರಟಾಗ ತಂದೆ ಚಳ್ಳಕೆರೆಯಲ್ಲಿ ಕೊಂಡ ಕರಿಯ ಕಂಬಳಿಯೊಂದನ್ನು ಕೊಟ್ಟು, “ಹೊದೆಯುವುದಕ್ಕಿಂತ ಮೊದಲು ಹಾಸಿಕೋ” ಎಂದಿದ್ದರು. ಹುಣಸೆಬೀಜದ ಗಂಜಿ ಹಾಕಿದ ಆ ಕುರಿಯುಣ್ಣೆಯ ಕಂಬಳಿ ಒರಟು; ವಿದ್ಯಾರ್ಥಿನಿಲಯದ ಗೆಳೆಯರ ಮುಂದೆ ಅದನ್ನು ಬಿಚ್ಚಲು ನಾಚಿಕೆಯಾಯಿತು. ಟ್ರಂಕಿನ ತಳಕ್ಕೆ ಸೇರಿದ್ದು ಹೊರಗೆ ಬರಲೇ ಇಲ್ಲ. ತಂದೆಯ ಮಾತು ಬಡತನದ ಮಾತೆಂದು ಅವರು ಬಗೆದಿದ್ದರು. ಅದು ಅನುಭವದ ಮಾತಾಗಿತ್ತೆಂದು ತಿಳಿಯುವ ಹೊತ್ತಿಗೆ ತಂದೆ ಇರಲಿಲ್ಲ.

ಎರಡನೆಯ ರಾತ್ರಿ ಶಿಬಿರದ ಯಜಮಾನಿಕೆ ಆ ಹುಡುಗನದಾಯಿತು. ತಗ್ಗಿನಲ್ಲಿ ಕಟ್ಟಿದ್ದ ಜೋಲಿಗಳನ್ನು ಆತ ದಿಬ್ಬದ ಮರೆಗೆ ಸಾಗಿಸಿದನು. ತಣ್ಣನೆಯ ಗಾಳಿ ಭಾರವಾದುದರಿಂದ ತಗ್ಗಿನಲ್ಲಿ ಮಡುಗಟ್ಟುತ್ತದೆಂಬ ಕಾರಣವನ್ನು ಉಪಾಧ್ಯಾಯರು ಜೊತೆಗೂಡಿಸಿದರು. ಬೆವರಿದ ಅಂಗಿಗಳನ್ನು ಬದಲಿಸಿ, ಬಿಸಿಯ ಊಟ ಮಾಡಿ, ಕಿವಿ ಮುಚ್ಚುವಂತೆ ಟೋಪಿ ತೊಟ್ಟು, ಮುಖವನ್ನು ಮಾತ್ರ ತೆರೆದಿಟ್ಟು ಎಲ್ಲರೂ ಮಲಗಿದರು. ಆ ರಾತ್ರಿ ಬೆಂಕಿಯ ಬಳಿಗೆ ಯಾರೂ ಬರಲಿಲ್ಲ.

ಊರಿಗೆ ಮರಳಿದ ಭಾನುವಾರ ಉಪಾಧ್ಯಾಯರು ಅಟ್ಟದಿಂದ ಹಳೆಯ ಟ್ರಂಕನ್ನು ಇಳಿಸಿದರು. ಬೇವಿನೆಲೆಯ ಪುಡಿಯ ನಡುವೆ ಕಂಬಳಿ ಇನ್ನೂ ಗಟ್ಟಿಯಾಗಿತ್ತು. ಅದನ್ನು ಹೆಗಲ ಮೇಲೆ ಹಾಕಿಕೊಂಡು, ಎಲ್ಲರೂ ನೋಡುವಂತೆ, ವಿಜಯನಗರದ ಆ ಶೆಡ್ಡಿನವರೆಗೆ ನಡೆದರು. ತಾಯಿ ಏನನ್ನೂ ಕೇಳದೆ ಅದನ್ನು ನಾಲ್ಕು ಮಡಿಕೆ ಮಾಡಿ ಮಗುವಿನ ಜೋಲಿಯ ಕೆಳಗೆ ಕಟ್ಟಿದಳು.

ಮರುದಿನ ಉಷ್ಣಪ್ರಸಾರದ ಪಾಠ ಮತ್ತೊಮ್ಮೆ ನಡೆಯಿತು. ಹಲಗೆಯ ಮೇಲೆ ಜೋಲಿಯ ಚಿತ್ರ ಬರೆದವನು ಹಿಂದಿನ ಬೆಂಚಿನ ಹುಡುಗ. ಉಪಾಧ್ಯಾಯರು ಅವನ ಬೆಂಚಿನಲ್ಲಿ ಕುಳಿತು ಕೇಳಿದರು.