ಕಲ್ಲಿನ ಧೂಳನ್ನೂ ಕರಗಿಸುವ ಕ್ಯಾಪ್ಸೂಲ್!

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿಯೊಳಗೆ ದುಡಿದವರ ಎದೆಯಲ್ಲಿ ಕುಳಿತ ಧೂಳು ಮಾತ್ರ ಅಲ್ಲೇ ಉಳಿಯಿತು. ಬಂಡೆ ಕೊರೆಯುವಾಗ ಏಳುವ ಸಿಲಿಕಾದ ನುಣ್ಣನೆಯ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಗಾಯದ ಕಲೆಗಳನ್ನು ಮಾಡುತ್ತವೆ. ಇದೇ ಸಿಲಿಕೋಸಿಸ್. ಇದಕ್ಕೆ ಪರಿಹಾರ ಕೊಡಿಸಲು ಮೈಸೂರು ಸಂಸ್ಥಾನ 1940ರಲ್ಲೇ ನಿಯಮ ಮಾಡಿತ್ತು. ಆದರೆ ಆ ಕಲೆಗಳನ್ನು ಅಳಿಸುವ ಔಷಧ ಇಂದಿಗೂ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಮೊಬೈಲಿನಲ್ಲಿ ಇದೆ!

ಚಾಂಪಿಯನ್ ರೀಫ್‌ನಲ್ಲಿ ದುಡಿದು ಈಗ ಬಂಗಾರಪೇಟೆಯಲ್ಲಿ ನೆಲೆಸಿರುವ ನನ್ನ ಮಾಮು, ಅಂದರೆ ತಾಯಿಯ ಅಣ್ಣ, ಅದನ್ನು ತರಿಸಿಕೊಂಡಿದ್ದರು. ಬಾಟಲಿಯೊಂದಕ್ಕೆ ಸಾವಿರದ ನಾನೂರು ರೂಪಾಯಿ. “ಮೂರು ತಿಂಗಳಲ್ಲಿ ಎದೆ ಪೂರ್ತಿ ಸಾಫ್ ಆಗುತ್ತಂತೆ ಬೇಟಾ” ಎಂದು ಜಾಹೀರಾತನ್ನು ತೋರಿಸಿದರು. ಬಿಳಿ ಕೋಟಿನ ವ್ಯಕ್ತಿಯೊಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಹೆಸರಿಲ್ಲ, ನೋಂದಣಿ ಸಂಖ್ಯೆಯಿಲ್ಲ, ಆಸ್ಪತ್ರೆಯಿಲ್ಲ. ಹೆಸರಿದ್ದರೂ ನಂಬುವ ಹಾಗಿಲ್ಲವೆನ್ನಿ. ತಮ್ಮ ಹೆಸರು, ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸುವವರ ವಿರುದ್ಧ ಬೆಂಗಳೂರಿನ ಡಾ. ದೇವಿ ಶೆಟ್ಟಿಯವರಂಥವರೇ 2024ರಲ್ಲಿ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು. ವೀಡಿಯೊದ ಕೆಳಗೆ “ಇನ್ನು ಮೂರೇ ಬಾಟಲಿ ಉಳಿದಿವೆ” ಎಂಬ ಸಾಲು. ಮರುದಿನ ನೋಡಿದಾಗಲೂ ಮೂರೇ ಉಳಿದಿದ್ದವು.

ನಾನು ಬಾಟಲಿಯನ್ನು ತಿರುಗಿಸಿ ಓದಿದೆ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮಾತು ಇತ್ತು: ಇದು ಆರೋಗ್ಯ ಪೂರಕ ಆಹಾರ, ಔಷಧವಾಗಿ ಬಳಸುವುದಕ್ಕಲ್ಲ. ಹೀಗೆ ಅಚ್ಚು ಮಾಡಲೇಬೇಕೆಂದು ಕಾನೂನು ಹೇಳುತ್ತದೆ, ಆದ್ದರಿಂದ ಮಾಡಿದ್ದಾರೆ. ರೋಗ ವಾಸಿಯಾಗುತ್ತದೆಂದು ಪರದೆಯ ಮೇಲೆ ಹೇಳಿದ ಕಂಪೆನಿಯೇ ಇದು ಔಷಧವಲ್ಲವೆಂದು ಬಾಟಲಿಯ ಮೇಲೆ ಹೇಳುತ್ತಿದೆ!

“ಸರಕಾರದ ನಂಬರ್ ಇದೆಯಲ್ಲಪ್ಪಾ?” ಎಂದರು ಮಾಮು.

ಇದೆ. ಹದಿನಾಲ್ಕು ಅಂಕಿಗಳ ಆ ಸಂಖ್ಯೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಿಗೆಯದು. ಬಿಸ್ಕತ್ತಿನ ಪೊಟ್ಟಣದ ಮೇಲೂ ಇರುತ್ತದೆ, ಉಪ್ಪಿನಕಾಯಿಯ ಮೇಲೂ ಇರುತ್ತದೆ. ಆಹಾರ ತಯಾರಿಸಲು ಅನುಮತಿ ಇದೆ ಎಂಬುದಷ್ಟೇ ಅದರ ಅರ್ಥ. ಈ ಕ್ಯಾಪ್ಸೂಲ್ ಯಾವುದೋ ಕಾಯಿಲೆಯನ್ನು ಗುಣಪಡಿಸುತ್ತದೆಂದು ಯಾರೂ ಪರೀಕ್ಷಿಸಿ ಒಪ್ಪಿದ್ದಾರೆಂದಲ್ಲ.

ಪ್ರವಾದಿ ಮುಹಮ್ಮದ್(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ನಮಗೆಲ್ಲ ತಿಳಿದದ್ದೇ. ಮೇಲೆ ಒಣಗಿತ್ತು, ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಪ್ರವಾದಿಯವರು(ಸ) ಕೇಳಿದರು. ಬಾಟಲಿಯ ಹಿಂಬದಿಯ ಸಣ್ಣಕ್ಷರಗಳೂ ಅಂಥ ತೇವದ ಧಾನ್ಯವೇ ಅಲ್ಲವೆ?

ನನಗೆ ಹೆಚ್ಚು ಸಿಟ್ಟು ಬರುವುದು ಧರ್ಮವನ್ನೇ ಲೇಬಲ್ ಮಾಡಿಕೊಂಡವರ ಮೇಲೆ. ಕರಿಜೀರಿಗೆಯಲ್ಲಿ, ಅಂದರೆ ನಮ್ಮ ಮನೆಗಳ ಕಲೋಂಜಿಯಲ್ಲಿ, ಶಮನವಿದೆ ಎಂಬ ಹದೀಸನ್ನು ಮುಂದಿಟ್ಟು ಎಣ್ಣೆ, ಕ್ಯಾಪ್ಸೂಲ್ ಮಾರುವವರು ಕಡಿಮೆಯಿಲ್ಲ. ಸಂದೇಹಿಸಿದರೆ ಈಮಾನಿಗೇ ಕೊರತೆ ಎಂಬಂತೆ ಮಾತಾಡುತ್ತಾರೆ. ಎದೆನೋವಿನಿಂದ ಮಲಗಿದ್ದ ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಹಾರಿಸ್ ಬಿನ್ ಕಲದ ಎಂಬ ವೈದ್ಯನ ಬಳಿ ಹೋಗಲು ಅದೇ ಪ್ರವಾದಿಯವರು(ಸ) ಹೇಳಿದ್ದನ್ನು ಮಾತ್ರ ಇವರು ಜಾಹೀರಾತಿನಲ್ಲಿ ಸೇರಿಸುವುದಿಲ್ಲ.

ಹಣ ಹೋದರೆ ಹೋಗಲಿ ಎನ್ನಬಹುದಿತ್ತು. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಅಪಾಯ ಇತರರಿಗಿಂತ ಹೆಚ್ಚು. ಮಾಮು ಎರಡು ತಿಂಗಳಿಂದ ಕೆಮ್ಮುತ್ತಿದ್ದರು, ಸಂಜೆ ಜ್ವರ ಬರುತ್ತಿತ್ತು. “ಒಳಗಿನ ಕೊಳೆ ಹೊರಗೆ ಬರುತ್ತಿದೆ, ಕೋರ್ಸ್ ನಿಲ್ಲಿಸಬೇಡಿ” ಎಂದು ಕಂಪೆನಿಯ ‘ಸಲಹೆಗಾರ್ತಿ’ ಫೋನಿನಲ್ಲಿ ಹೇಳಿದ್ದಳಂತೆ. ಕಫ ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಮಾಡಿಸಿದಾಗ ಕ್ಷಯವೆಂದು ಗೊತ್ತಾಯಿತು. ಈಗ ಆರು ತಿಂಗಳ ಮಾತ್ರೆ ನಡೆದಿದೆ. ಅದಕ್ಕೂ ಹಣವಿಲ್ಲ. ಆ ಎರಡು ತಿಂಗಳಲ್ಲಿ ಮನೆಯ ಮಕ್ಕಳು ಅವರ ಪಕ್ಕದಲ್ಲೇ ಮಲಗುತ್ತಿದ್ದರು.

ಕಾನೂನು ಇಲ್ಲವೆಂದಲ್ಲ. ಕ್ಷಯ, ಮಧುಮೇಹ, ಕ್ಯಾನ್ಸರ್ ಸೇರಿ 54 ಕಾಯಿಲೆಗಳನ್ನು ವಾಸಿಮಾಡುತ್ತೇವೆಂದು ಔಷಧಗಳ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಮ್ಮ ಹಮ್ದರ್ದ್ ದವಾಖಾನೆಯೂ ಇತ್ತು. ಕಾಯ್ದೆಯ ಕೆಲವು ಭಾಗಗಳನ್ನು ತೆಗೆದುಹಾಕಿದರೂ, ಇಂಥ ವ್ಯಾಪಾರಿ ಜಾಹೀರಾತು ವಾಕ್‌ಸ್ವಾತಂತ್ರ್ಯದ ಆಸರೆ ಪಡೆಯಲಾಗದೆಂದು ನ್ಯಾಯಾಲಯ 1959ರ ಡಿಸೆಂಬರಿನಲ್ಲಿ ಹೇಳಿತು. 2024ರಲ್ಲಿ ಪತಂಜಲಿ ಸಂಸ್ಥೆ ಅದೇ ನ್ಯಾಯಾಲಯದ ಮುಂದೆ ನಿಂತು, ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಬೇಕಾಯಿತು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷದವರೆಗೆ ದಂಡವಿದೆ, ಮತ್ತೆ ಮಾಡಿದರೆ ಐವತ್ತು ಲಕ್ಷ.

ದೂರು ಕೊಡಲು 1915ಕ್ಕೆ ಫೋನ್ ಮಾಡಿದರೆ ಸಾಕು. ಜಾಹೀರಾತಿನ ಚಿತ್ರ, ಬಿಲ್, ಖಾಲಿ ಬಾಟಲಿ ಎಲ್ಲವನ್ನೂ ಜೋಪಾನವಾಗಿಟ್ಟುಕೊಂಡು ನಾನೂ ದೂರು ಕೊಟ್ಟೆ. ಕೆಲವು ದಿನಗಳಲ್ಲಿ ಆ ಜಾಹೀರಾತು ಕಾಣೆಯಾಯಿತು. ಮುಂದಿನ ವಾರ ಅದೇ ಬಿಳಿ ಕೋಟು, ಅದೇ ಧ್ವನಿ ಇನ್ನೊಂದು ಹೆಸರಿನ ಬಾಟಲಿ ಹಿಡಿದು ಬಂದವು. ಈ ಸಲ ಮಂಡಿನೋವಿಗೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದುಕೊಂಡವರು ನಮ್ಮ ಕೋಲಾರ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಇದ್ದಾರೆ.